ಓದೋಕೆ ಹೊರದೇಶಕ್ಕೆ, ಸಂಸಾರ ಸಮೇತ: ಯಾವ ದೇಶ, ಯಾವಾಗ, ಯಾರು ಮೊದಲು?

ಮದುವೆಯಾಗಿ, ಮಗುವಾಗಿ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದಷ್ಟು ವರ್ಷ ಕೆಲಸ ಮಾಡಿದ ಮೇಲೆ ಹೊರದೇಶಕ್ಕೆ ಓದೋಕೆ ಹೊರಡುವವರು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ಇವರಲ್ಲಿ ಹೆಚ್ಚಿನವರು ಲೆಕ್ಕವನ್ನು ಯುನಿವರ್ಸಿಟಿಯಿಂದ ಶುರು ಮಾಡುತ್ತಾರೆ. ರ‍್ಯಾಂಕಿಂಗ್ ಎಷ್ಟು, ಫೀಸ್ ಎಷ್ಟು, ಸ್ಕಾಲರ್‌ಶಿಪ್ ಸಿಗುತ್ತಾ. ಸಂಸಾರದ ಮಾತು ಬರುವುದು ಆಫರ್ ಲೆಟರ್ ಕೈಗೆ ಬಂದು, ಫೀಸಿನ ಮೊದಲ ಕಂತೂ ಕಟ್ಟಿ ಆದ ಮೇಲೆ. ಆ ದೇಶದಲ್ಲಿ ಹೆಂಡತಿ ಕೆಲಸ ಮಾಡುವಂತಿಲ್ಲ, ಇಲ್ಲ ಅವಳು ಬರುವಂತೆಯೇ ಇಲ್ಲ ಅನ್ನೋದು ಆಗ ಗೊತ್ತಾಗುತ್ತದೆ.

ನಾನು ಹೇಳೋದು ಇಷ್ಟೇ: ಲೆಕ್ಕವನ್ನು ಜೊತೆಗೆ ಬರುವವರ ಕಡೆಯಿಂದ ಶುರು ಮಾಡಿ. ಓದುವವರಿಗೆ ಎಲ್ಲಿ ಹೋದರೂ ಕ್ಲಾಸು, ಲೈಬ್ರರಿ, ಜೊತೆಯ ಹುಡುಗರು ಇರುತ್ತಾರೆ. ಜೊತೆಗೆ ಹೋದವರ ದಿನ ಹೇಗೆ ಕಳೆಯುತ್ತದೆ, ಮನೆಗೆ ಎರಡನೇ ಸಂಬಳ ಬರುತ್ತಾ ಇಲ್ಲವಾ ಅನ್ನೋದನ್ನೆಲ್ಲ ತೀರ್ಮಾನಿಸುವುದು ಅವರ ವೀಸಾ. ಗಂಡ ಮಾಸ್ಟರ್ಸ್ ಓದೋಕೆ ಜರ್ಮನಿಗೆ ಹೋದಾಗ ಮಗುವನ್ನು ಎತ್ತಿಕೊಂಡು ಹಿಂದೆ ಹೋದವಳು ನಾನು. ಹಾಗಾಗಿ ಆ ಕಡೆಯಿಂದ ನೋಡಿಯೇ ಬರೆಯುತ್ತಿದ್ದೇನೆ. ಹೆಂಡತಿ ಓದೋಕೆ ಹೋಗಿ ಗಂಡ ಜೊತೆಗೆ ಹೋಗುವ ಮನೆಗಳೂ ಬೇಕಾದಷ್ಟಿವೆ, ಅಲ್ಲೂ ಲೆಕ್ಕ ಇದೇ.

ಬ್ರಿಟನ್: ಪಿಎಚ್‌ಡಿ ಇದ್ದರೆ ಮಾತ್ರ

ಮೊದಲೆಲ್ಲ ಒಂದು ವರ್ಷದ ಎಂಎಸ್‌ಸಿಗೆ ಹೋದವರೂ ಸಂಸಾರ ಕರೆದುಕೊಂಡು ಹೋಗುತ್ತಿದ್ದರು. 2024ರ ಜನವರಿ 1ರಿಂದ ಅದು ನಿಂತಿದೆ. ಈಗ ಪಿಎಚ್‌ಡಿ ಮಾಡುವವರು, ಸಂಶೋಧನೆಯನ್ನೇ ಮುಖ್ಯವಾಗಿಟ್ಟುಕೊಂಡ ಉನ್ನತ ಪದವಿಗೆ ಸೇರಿದವರು, ಇಲ್ಲ ಆರು ತಿಂಗಳಿಗಿಂತ ಉದ್ದದ ಕೋರ್ಸಿಗೆ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕವರು ಮಾತ್ರ ಗಂಡ ಅಥವಾ ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ಆಗಿ ಕರೆದೊಯ್ಯಬಹುದು. ಎಂಬಿಎ, ಡಾಟಾ ಸೈನ್ಸ್ ಎಂಎಸ್‌ಸಿ ಇವಕ್ಕೆಲ್ಲ ಇಲ್ಲ. ಕೋರ್ಸಿನ ಹೆಸರಲ್ಲಿ "ರಿಸರ್ಚ್" ಅಂತಿದ್ದರೆ ಸಾಕು, ಫ್ಯಾಮಿಲಿ ಬರಬಹುದು ಅಂತ ಯಾರಾದರೂ ಏಜೆಂಟ್ ಹೇಳಿದರೆ ಅಲ್ಲಿಗೇ ನಂಬಬೇಡಿ. ಈ ಕೋರ್ಸಿಗೆ ಡಿಪೆಂಡೆಂಟ್ ವೀಸಾ ಸಿಗುತ್ತಾ ಅಂತ ನೇರವಾಗಿ ಯುನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಬರೆದು, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ.

ಪಿಎಚ್‌ಡಿ ಸಿಕ್ಕಿದ್ದರೆ ಮಾತ್ರ ಬ್ರಿಟನ್ ಸಂಸಾರಕ್ಕೆ ಒಳ್ಳೆಯದೇ. ಜೊತೆಗೆ ಹೋದವರು ಪೂರ್ತಿ ಸಮಯ ಕೆಲಸ ಮಾಡಬಹುದು, ಮಗುವಿಗೆ ಸರ್ಕಾರಿ ಶಾಲೆ ಉಚಿತ. ತೊಂದರೆ ಇರುವುದು ಹೊರಡುವ ಮುಂಚೆ ಒಟ್ಟಿಗೆ ಬೇಕಾಗುವ ದುಡ್ಡಿನಲ್ಲಿ. ಪ್ರತಿ ಡಿಪೆಂಡೆಂಟಿಗೆ ತಿಂಗಳಿಗೆ ಲಂಡನ್ನಿನಲ್ಲಾದರೆ 845, ಹೊರಗಾದರೆ 680 ಪೌಂಡ್‌ನಂತೆ ಒಂಬತ್ತು ತಿಂಗಳ ದುಡ್ಡು ತೋರಿಸಬೇಕು. ಅಂದರೆ ಲಂಡನ್ ಹೊರಗೆ ಹೆಂಡತಿ ಮತ್ತು ಒಂದು ಮಗುವಿಗೆ 12,240 ಪೌಂಡ್, ಅದೂ 28 ದಿನ ಅಕೌಂಟಿನಲ್ಲಿ ಕದಲದೆ ಇರಬೇಕು. ಇದು ತೋರಿಸುವ ದುಡ್ಡು, ನಿಮ್ಮ ಹತ್ತಿರವೇ ಉಳಿಯುತ್ತದೆ. ವಾಪಸ್ ಬಾರದ ದುಡ್ಡು ಬೇರೆ ಇದೆ. ಆರೋಗ್ಯದ ಸರ್‌ಚಾರ್ಜ್ ಅಂತ ತಲೆಗೆ ವರ್ಷಕ್ಕೆ 776 ಪೌಂಡ್, ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಮೊದಲೇ ಕಟ್ಟಬೇಕು. ನಾಲ್ಕು ವರ್ಷ ಅಂದುಕೊಂಡರೂ ಆ ಇಬ್ಬರಿಗೇ 6,208 ಪೌಂಡ್. ಇದನ್ನು ಕೇಳಿ ಬೆಚ್ಚಿಬೀಳುವವರನ್ನು ತುಂಬಾ ನೋಡಿದ್ದೇನೆ, ಯಾಕೆಂದರೆ ಯುನಿವರ್ಸಿಟಿಯ ಬ್ರೋಷರಿನಲ್ಲಿ ಈ ಲೆಕ್ಕ ಇರೋದಿಲ್ಲ.

ಒಂದು ವರ್ಷದ ಮಾಸ್ಟರ್ಸ್ ಆದರೆ ಒಬ್ಬರೇ ಹೋಗಿ, ಮನೆಯವರು ನಡುವೆ ವಿಸಿಟರ್ ವೀಸಾದಲ್ಲಿ ಬಂದು ಹೋಗುವುದೇ ದಾರಿ. ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಒಂದು ಸಲಕ್ಕೆ ಆರು ತಿಂಗಳ ಮಿತಿ.

ಅಮೆರಿಕ: ಬರಬಹುದು, ಆದರೆ ದುಡಿಯುವಂತಿಲ್ಲ

ಅಮೆರಿಕದಲ್ಲಿ ಕೋರ್ಸ್ ಯಾವುದೇ ಇರಲಿ, ಎಫ್-1 ವಿದ್ಯಾರ್ಥಿ ಸಂಸಾರವನ್ನು ಎಫ್-2 ವೀಸಾದಲ್ಲಿ ಕರೆಸಿಕೊಳ್ಳಬಹುದು. ಬ್ರಿಟನ್‌ಗಿಂತ ಸುಲಭ ಅಂತ ಇದನ್ನು ನೋಡಿ ಅನ್ನಿಸುತ್ತದೆ. ಆದರೆ ಎಫ್-2ನಲ್ಲಿ ಇರುವವರು ಕೆಲಸ ಮಾಡುವಂತಿಲ್ಲ, ಪಾರ್ಟ್ ಟೈಮ್ ಕೂಡ ಇಲ್ಲ. ಓದಬಹುದು, ಅದೂ ಪೂರ್ತಿ ಸಮಯದ ಕೋರ್ಸ್ ಅಲ್ಲ. ಮಕ್ಕಳಿಗೆ ಹನ್ನೆರಡನೇ ಕ್ಲಾಸಿನ ತನಕ ಪಬ್ಲಿಕ್ ಸ್ಕೂಲ್ ಉಚಿತ.

ಜನ ಇದನ್ನು "ಎರಡು ವರ್ಷ ತಾನೇ, ಹೇಗೋ ಆಗುತ್ತದೆ" ಅಂತ ತೆಗೆದುಕೊಳ್ಳುತ್ತಾರೆ. ಅದು ಎರಡು ವರ್ಷವಲ್ಲ. ಮಾಸ್ಟರ್ಸ್ ಎರಡು ವರ್ಷ, ಆಮೇಲೆ ಒಪಿಟಿ (ಓದಿದ ಮೇಲೆ ಅದೇ ವೀಸಾದಲ್ಲಿ ಕೆಲಸ ಮಾಡುವ ಅವಕಾಶ) ಒಂದು ವರ್ಷ, ವಿಜ್ಞಾನ, ಎಂಜಿನಿಯರಿಂಗ್ ಓದಿದ್ದರೆ ಇನ್ನೂ 24 ತಿಂಗಳು. ಇಷ್ಟೂ ಕಾಲ ಓದಿದವರು ಎಫ್-1, ಜೊತೆಯವರು ಎಫ್-2. ಐದು ವರ್ಷ. ಆಮೇಲೆ ಕೆಲಸದ ವೀಸಾ ಎಚ್-1ಬಿಯ ಲಾಟರಿ ಹೊಡೆದರೂ ಜೊತೆಯವರಿಗೆ ಬರುವ ಎಚ್-4ನಲ್ಲಿ ತಕ್ಷಣ ಕೆಲಸದ ಹಕ್ಕಿಲ್ಲ, ಅದಕ್ಕೆ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಬೇಕು. ಇಪ್ಪತ್ತೊಂಬತ್ತಕ್ಕೆ ಕೆಲಸ ಬಿಟ್ಟು ಹೋದ ಹೆಣ್ಣುಮಗಳು ಮೂವತ್ತೈದರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇದನ್ನು ಇಬ್ಬರೂ ಕೂತು, ಮುಂಚೆಯೇ, ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಅವಳು ಹೇಗಿದ್ದರೂ ಹೊಂದಿಕೊಳ್ಳುತ್ತಾಳೆ ಅಂತ ಅತ್ತೆ ಮಾವ ತೀರ್ಮಾನಿಸುವ ವಿಷಯ ಇದಲ್ಲ.

ಒಂದು ಬೇರೆ ದಾರಿ ಇದೆ, ಅಷ್ಟಾಗಿ ಯಾರೂ ಹೇಳುವುದಿಲ್ಲ. ಯುನಿವರ್ಸಿಟಿಯ ಅಥವಾ ಬೇರೆ ಸಂಸ್ಥೆಯ ಫಂಡಿಂಗ್‌ನಲ್ಲಿ ಪಿಎಚ್‌ಡಿಗೆ ಹೋಗುವವರು ಜೆ-1 ವೀಸಾ ಕೊಡುತ್ತೀರಾ ಅಂತ ಕೇಳಬಹುದು. ಜೆ-2ನಲ್ಲಿ ಬರುವ ಗಂಡ ಅಥವಾ ಹೆಂಡತಿ ಅಲ್ಲಿಗೆ ಹೋದ ಮೇಲೆ ಅರ್ಜಿ ಹಾಕಿ ಕೆಲಸದ ಅನುಮತಿ ಪಡೆಯಬಹುದು. ಓದು ಮುಗಿಸಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಬಂದಿರಬೇಕು ಅನ್ನುವ ಷರತ್ತು ಜೆ-1ಗೆ ಅಂಟಿಕೊಂಡಿತ್ತು, ಅದಕ್ಕೆ ಹೆದರಿ ನಮ್ಮವರು ಇದನ್ನು ಮುಟ್ಟುತ್ತಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕ, ಯಾವ ದೇಶದ ಯಾವ ಕೌಶಲದವರಿಗೆ ಆ ಷರತ್ತು ಅಂತ ಹೇಳುವ ಪಟ್ಟಿಯಿಂದ ಭಾರತವನ್ನು ತೆಗೆದಿದೆ. ಆದರೆ ಸರ್ಕಾರದ ದುಡ್ಡಿನಲ್ಲಿ, ಉದಾಹರಣೆಗೆ ಫುಲ್‌ಬ್ರೈಟ್‌ನಲ್ಲಿ, ಹೋದವರಿಗೆ ಆ ಷರತ್ತು ಈಗಲೂ ಇದೆ.

ವಸತಿ ವಿಷಯದಲ್ಲಿ ಮಾತ್ರ ಅಮೆರಿಕದ ದೊಡ್ಡ ಯುನಿವರ್ಸಿಟಿಗಳನ್ನು ಮೆಚ್ಚಬೇಕು. ಮ್ಯಾಡಿಸನ್‌ನ ಈಗಲ್ ಹೈಟ್ಸ್, ಬರ್ಕ್ಲಿಯ ಯುನಿವರ್ಸಿಟಿ ವಿಲೇಜ್ ಇವೆಲ್ಲ ಸಂಸಾರಸ್ಥ ವಿದ್ಯಾರ್ಥಿಗಳಿಗೂ ಮನೆ ಕೊಡುವ ಬಡಾವಣೆಗಳೇ. ಸುತ್ತ ಮಕ್ಕಳಿರುತ್ತಾರೆ, ದಿನವಿಡೀ ಮನೆಯಲ್ಲಿರುವವರಿಗೆ ಮಾತಾಡಲು ಜನ ಸಿಗುತ್ತಾರೆ. ಎಫ್-2ನಲ್ಲಿ ಹೋಗುವುದು ಖಚಿತ ಅಂತಾದರೆ ರ‍್ಯಾಂಕಿಂಗ್‌ನಲ್ಲಿ ನಾಲ್ಕು ಸ್ಥಾನ ಕೆಳಗಿದ್ದರೂ ಇಂಥ ವಸತಿ ಇರುವ ಯುನಿವರ್ಸಿಟಿಯೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಸಂಸಾರದ ಹೆಲ್ತ್ ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತಲೂ ಮೊದಲೇ ಕೇಳಿಕೊಳ್ಳಿ, ಅದು ಬಾಡಿಗೆಯಷ್ಟೇ ಭಾರ ಆಗಬಹುದು.

ಕೆನಡಾ ಮತ್ತು ಆಸ್ಟ್ರೇಲಿಯಾ

ಕೆನಡಾದಲ್ಲಿ ಮೊದಲು ಡಿಪ್ಲೊಮಾ ಓದುವವರ ಗಂಡ ಹೆಂಡತಿಗೂ ಓಪನ್ ವರ್ಕ್ ಪರ್ಮಿಟ್ (ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದಾದ ಅನುಮತಿ) ಸಿಗುತ್ತಿತ್ತು. ಆ ಕಾಲ ಹೋಯಿತು. 2025ರ ಜನವರಿ 21ರಿಂದ, ಓದುವವರು 16 ತಿಂಗಳು ಅಥವಾ ಅದಕ್ಕಿಂತ ಉದ್ದದ ಮಾಸ್ಟರ್ಸ್‌ನಲ್ಲೋ, ಪಿಎಚ್‌ಡಿಯಲ್ಲೋ, ನರ್ಸಿಂಗ್, ಮೆಡಿಸಿನ್, ಎಂಜಿನಿಯರಿಂಗ್ ಥರದ ಕೆಲವು ವೃತ್ತಿಪರ ಪದವಿಯಲ್ಲೋ ಇದ್ದರೆ ಮಾತ್ರ. ಇಲ್ಲಿ ತುಂಬಾ ಜನ ಎಡವುವ ಒಂದು ಕಡೆ ಇದೆ. ಒಂದು ವರ್ಷದ ಮಾಸ್ಟರ್ಸ್ ಮಾಡಿದರೂ ಆಮೇಲೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗುತ್ತದೆ ಅಂತ ಕೇಳಿ, ಫೀಸ್ ಉಳಿಯುತ್ತದೆ ಅಂತ ಚಿಕ್ಕ ಕೋರ್ಸ್ ಹಿಡಿಯುತ್ತಾರೆ. ಅದು ಓದಿದವರಿಗೆ ಸಿಗುವ ಪರ್ಮಿಟ್, ಆ ಮಾತು ನಿಜ. ಆದರೆ ಓದುವ ಆ ವರ್ಷ ಜೊತೆಯವರಿಗೆ ಏನೂ ಸಿಗುವುದಿಲ್ಲ, ಆಮೇಲೂ ಓದಿದವರಿಗೆ ಸಿಕ್ಕ ಕೆಲಸ ಯಾವ ದರ್ಜೆಯದು ಅಂತ ನೋಡಿಯೇ ಜೊತೆಯವರಿಗೆ ಪರ್ಮಿಟ್ ಕೊಡುತ್ತಾರೆ. ಸಂಸಾರ ಇದ್ದರೆ 16 ತಿಂಗಳು ದಾಟಿದ ಕೋರ್ಸೇ ಸರಿ. ಜಾಸ್ತಿ ಕಟ್ಟಿದ ಫೀಸನ್ನು ಎರಡನೇ ಸಂಬಳ ತುಂಬಿಕೊಡಬಹುದು.

ತೋರಿಸಬೇಕಾದ ದುಡ್ಡು, 2025ರ ಸೆಪ್ಟೆಂಬರ್ 1ರಿಂದ ಈಚೆಗೆ, ಒಬ್ಬರಿಗೆ 22,895, ಇಬ್ಬರಿಗೆ 28,502, ಮೂವರಿಗೆ 35,040 ಕೆನಡಾ ಡಾಲರ್. ಫೀಸ್ ಬೇರೆ. ಮಕ್ಕಳಿಗೆ ಹೆಚ್ಚಿನ ಪ್ರಾಂತ್ಯಗಳಲ್ಲಿ ಸರ್ಕಾರಿ ಶಾಲೆ ಉಚಿತ, ಆದರೂ ಹೋಗುವ ಊರಿನ ಸ್ಕೂಲ್ ಬೋರ್ಡನ್ನು ಒಮ್ಮೆ ಕೇಳಿ. ಇನ್ನೊಂದು ವಿಷಯ ಕೇಳಿದರೆ ಸಮಾಧಾನವಾಗುತ್ತದೆ: ಪಿಆರ್ (ಕಾಯಂ ವಾಸದ ಹಕ್ಕು) ಇಲ್ಲದಿದ್ದರೂ, ಅಲ್ಲಿ 18 ತಿಂಗಳು ಇದ್ದು 19ನೇ ತಿಂಗಳಿನಲ್ಲೂ ಪರ್ಮಿಟ್ ಚಾಲ್ತಿಯಲ್ಲಿದ್ದರೆ ಮಕ್ಕಳಿಗಾಗಿ ಸರ್ಕಾರ ತಿಂಗಳು ತಿಂಗಳು ಕೊಡುವ ಭತ್ಯೆಗೆ ಅರ್ಜಿ ಹಾಕಬಹುದು. ಗೊತ್ತಿಲ್ಲದೆ ಇದನ್ನು ಬಿಟ್ಟವರು ಬೇಕಾದಷ್ಟಿದ್ದಾರೆ.

ಆಸ್ಟ್ರೇಲಿಯಾದಲ್ಲಿ ಕೆಲಸದ ಹಕ್ಕು ಚೆನ್ನಾಗಿದೆ, ಶಾಲೆಯ ಫೀಸ್ ಚೆನ್ನಾಗಿಲ್ಲ. ಮಾಸ್ಟರ್ಸ್ ಅಥವಾ ಪಿಎಚ್‌ಡಿ ಓದುವವರ ಗಂಡ ಹೆಂಡತಿ ಕೋರ್ಸ್ ಶುರುವಾದ ಮೇಲೆ ಎಷ್ಟು ಗಂಟೆ ಬೇಕಾದರೂ ದುಡಿಯಬಹುದು, ಸಂಶೋಧನೆಯಲ್ಲದ ಕೋರ್ಸ್ ಓದುವವರಿಗೇ ಕ್ಲಾಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿ. ಬ್ಯಾಚುಲರ್ಸ್ ಅಥವಾ ಡಿಪ್ಲೊಮಾ ಆದರೆ ಜೊತೆಯವರಿಗೂ 48 ಗಂಟೆಯೇ. ದುಡ್ಡಿಗೆ ಬಂದರೆ, 2024ರ ಮೇ 10ರಿಂದ ಇರುವ ಲೆಕ್ಕದಲ್ಲಿ ಓದುವವರಿಗೆ 29,710, ಸಂಗಾತಿಗೆ 10,394, ಮಗುವಿಗೆ 4,449, ಶಾಲೆಗೆ ಹೋಗುವ ಮಗುವಾದರೆ ಅದರ ಮೇಲೆ 13,502 ಆಸ್ಟ್ರೇಲಿಯಾ ಡಾಲರ್. ಕೂಡಿಸಿ ನೋಡಿ, 58,055. ಯುನಿವರ್ಸಿಟಿ ಫೀಸ್, ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ. ಸರ್ಕಾರಿ ಶಾಲೆಯಲ್ಲೂ ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಫೀಸ್ ಇರುತ್ತದೆ. ಸಂಶೋಧನಾ ವಿದ್ಯಾರ್ಥಿಗಳ ಮಕ್ಕಳಿಗೆ ಕೆಲವು ರಾಜ್ಯಗಳು ವಿನಾಯಿತಿ ಕೊಡುತ್ತವೆ, ಹಾಗಾಗಿ ಎರಡು ಯುನಿವರ್ಸಿಟಿಗಳ ನಡುವೆ ಆರಿಸುವಾಗ ಅವು ಯಾವ ರಾಜ್ಯದಲ್ಲಿವೆ ಅನ್ನೋದನ್ನೂ ನೋಡಿ.

ವಯಸ್ಸು ಮೂವತ್ತೈದು ದಾಟುತ್ತಿರುವವರು ಇನ್ನೊಂದನ್ನು ಗಮನಿಸಬೇಕು. ಓದು ಮುಗಿದ ಮೇಲೆ ಅಲ್ಲಿ ಉಳಿದು ಕೆಲಸ ಮಾಡಲು ಸಿಗುವ 485 ವೀಸಾಗೆ 2024ರ ಜುಲೈನಿಂದ 35 ವರ್ಷದ ಮಿತಿ ಬಂದಿದೆ. ಪಿಎಚ್‌ಡಿ ಮತ್ತು ಸಂಶೋಧನಾ ಮಾಸ್ಟರ್ಸ್‌ಗೆ ಮಾತ್ರ 50. ಮಕ್ಕಳಿರುವ ವಿದ್ಯಾರ್ಥಿಗಳಲ್ಲಿ ಈ ವಯಸ್ಸಿನವರೇ ಜಾಸ್ತಿ ಅಲ್ವಾ.

ಪಿಎಚ್‌ಡಿಯೇ ಮಾಡುವುದಾದರೆ ನ್ಯೂಜಿಲೆಂಡನ್ನು ಮರೆಯಬೇಡಿ. ಅಲ್ಲಿ ಹೊರದೇಶದ ಪಿಎಚ್‌ಡಿ ವಿದ್ಯಾರ್ಥಿಗೂ ಸ್ಥಳೀಯರ ಫೀಸ್, ಮಕ್ಕಳಿಗೂ ಶಾಲೆಯಲ್ಲಿ ಸ್ಥಳೀಯ ಮಕ್ಕಳ ಲೆಕ್ಕ. ಐರ್ಲೆಂಡ್‌ನಲ್ಲಿ ಸಾಮಾನ್ಯ ವಿದ್ಯಾರ್ಥಿಗೆ ಸಂಸಾರ ಕರೆಸಿಕೊಳ್ಳುವ ಹಕ್ಕೇ ಇಲ್ಲ, ಅದನ್ನು ಪಟ್ಟಿಯಿಂದ ತೆಗೆಯಿರಿ.

ಜರ್ಮನಿ: ಫೀಸ್ ಕಡಿಮೆ, ಭಾಷೆ ಕಷ್ಟ

ಇದು ನನಗೆ ಗೊತ್ತಿರುವ ದೇಶ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸರ್ಕಾರಿ ಯುನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಶನ್ ಫೀಸ್ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ, ಮ್ಯೂನಿಕ್‌ನ ಟೆಕ್ನಿಕಲ್ ಯುನಿವರ್ಸಿಟಿಯಲ್ಲಿ ಅದಕ್ಕಿಂತ ಜಾಸ್ತಿ. ಓದುವವರು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು, ಸಂಸಾರಕ್ಕೆ ಅದರ ಮೇಲೆ. ಜೊತೆಗೆ ಬಂದವರಿಗೆ ಯಾವ ಕೆಲಸ ಬೇಕಾದರೂ, ಎಷ್ಟು ಗಂಟೆ ಬೇಕಾದರೂ ಮಾಡುವ ಹಕ್ಕಿದೆ. ಕಾಗದದ ಮೇಲೆ ನೋಡಿದರೆ ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯ ದೇಶ ಇಲ್ಲ.

ಆದರೆ ಮೂರು ತಡೆ ಇವೆ. ಮೊದಲನೆಯದು ಭಾಷೆ. ವಿದ್ಯಾರ್ಥಿಯ ಗಂಡ ಅಥವಾ ಹೆಂಡತಿ ವೀಸಾಗೆ ಮುಂಚೆಯೇ ಸಾಮಾನ್ಯವಾಗಿ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ, ಎ1, ಪಾಸಾಗಬೇಕು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು, ಪರೀಕ್ಷೆಯೂ ಅಲ್ಲೇ. ನೂರಕ್ಕೆ ಅರವತ್ತು ಬಂದರೆ ಪಾಸು. ಮಾತಾಡುವ ಭಾಗದಲ್ಲಿ ಕೆಲವರನ್ನು ಒಟ್ಟಿಗೆ ಕೂರಿಸುತ್ತಾರೆ. ಹೆಸರು, ವಯಸ್ಸು, ಊರು, ಕೆಲಸ, ಹವ್ಯಾಸ ಹೇಳಬೇಕು, ಹೆಸರನ್ನೋ ಊರನ್ನೋ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಅನ್ನುತ್ತಾರೆ, ಫೋನ್ ನಂಬರ್ ಕೇಳುತ್ತಾರೆ. "ಚಿತ್ರದುರ್ಗ"ವನ್ನು ಜರ್ಮನ್ ಅಕ್ಷರಗಳಲ್ಲಿ ಬಿಡಿಸಿ ಹೇಳೋದನ್ನು ಮನೆಯಲ್ಲಿ ಹತ್ತಾರು ಸಲ ಮಾಡಿಕೊಂಡು ಹೋಗಬೇಕು. ಆಮೇಲೆ ಒಂದು ಪದ ಬರೆದ ಚೀಟಿ ಕೊಡುತ್ತಾರೆ, ಪಕ್ಕದವರಿಗೆ ಅದರ ಮೇಲೆ ಒಂದು ಪ್ರಶ್ನೆ ಕೇಳಬೇಕು. ಭಯಪಡುವಂಥದ್ದೇನಲ್ಲ. ಆದರೆ ಕೆಲಸ, ಮಗು, ಮನೆ ಮೂರನ್ನೂ ನೋಡಿಕೊಂಡು ತಯಾರಾಗಲು ನಾಲ್ಕೈದು ತಿಂಗಳಾದರೂ ಬೇಕು, ಆದ್ದರಿಂದ ಅಡ್ಮಿಷನ್ ಅರ್ಜಿ ಹಾಕುವ ದಿನವೇ ಎ1 ಕ್ಲಾಸಿಗೂ ಸೇರಿಬಿಡಿ. ಪಿಎಚ್‌ಡಿಗೆ ಹೋಗಿ ಸಂಶೋಧಕರ ಪರ್ಮಿಟ್ ಪಡೆದವರ ಮನೆಯವರಿಗೆ, ಬ್ಲೂ ಕಾರ್ಡ್ (ಹೆಚ್ಚು ಓದಿದ ಕೆಲಸಗಾರರ ಪರ್ಮಿಟ್) ಇರುವವರ ಮನೆಯವರಿಗೆ ಈ ಪರೀಕ್ಷೆ ಬೇಡ.

ಎರಡನೆಯದು ಮನೆ. ಸಾಕಷ್ಟು ಜಾಗ ಇದೆ ಅಂತ ತೋರಿಸಬೇಕು, ಆರು ವರ್ಷ ದಾಟಿದ ಒಬ್ಬೊಬ್ಬರಿಗೆ 12 ಚದರ ಮೀಟರ್, ಚಿಕ್ಕ ಮಕ್ಕಳಿಗೆ 10 ಅನ್ನುವುದು ಸಾಮಾನ್ಯ ಅಳತೆ. ಹಾಸ್ಟೆಲ್ ರೂಮಿನ ವಿಳಾಸ ಕೊಟ್ಟು ಹೆಂಡತಿಯನ್ನು ಕರೆಸಲು ಆಗುವುದಿಲ್ಲ. ದೊಡ್ಡ ಊರುಗಳಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ, ಸಿಕ್ಕರೂ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ನಲ್ಲಿ ಮತ್ತು ಗೋಡೆ ಮಾತ್ರ, ಒಲೆ, ಸಿಂಕ್, ಕಪಾಟು ಎಲ್ಲ ನಾವೇ ಹಾಕಿಸಬೇಕು. ಸಂಸಾರ ಇದ್ದವರು ಮ್ಯೂನಿಕ್ ಬಿಟ್ಟು ಕೆಮ್ನಿಟ್ಸ್, ಮಾಗ್ಡೆಬುರ್ಗ್ ಥರದ ಊರುಗಳ ಯುನಿವರ್ಸಿಟಿ ನೋಡುವುದು ಒಳ್ಳೆಯದು.

ಮೂರನೆಯದು ಇನ್ಶೂರೆನ್ಸ್, ಇಲ್ಲಿ ವಯಸ್ಸು ಮುಖ್ಯ. ಮೂವತ್ತರೊಳಗಿನ ವಿದ್ಯಾರ್ಥಿ ಸರ್ಕಾರಿ ಆರೋಗ್ಯ ವಿಮೆಗೆ ಸೇರಿದರೆ, ಆದಾಯ ಇಲ್ಲದ ಗಂಡ ಹೆಂಡತಿ, ಮಕ್ಕಳು ಅದೇ ಕಂತಿನಲ್ಲಿ, ಒಂದು ಯೂರೋ ಜಾಸ್ತಿ ಕೊಡದೆ ಸೇರಿಕೊಳ್ಳುತ್ತಾರೆ. ಮೂವತ್ತು ದಾಟಿದವರಿಗೆ ಆ ವಿದ್ಯಾರ್ಥಿ ದರ ಇಲ್ಲ. ಎಷ್ಟೋ ಜನ ಖಾಸಗಿ ವಿಮೆಗೆ ಹೋಗುತ್ತಾರೆ, ಅಲ್ಲಿ ತಲೆ ಎಣಿಸಿ ಬೇರೆ ಬೇರೆ ಕಂತು. ಇಪ್ಪತ್ತೊಂಬತ್ತು ವರ್ಷದವರು "ಇನ್ನೊಂದು ವರ್ಷ ದುಡಿದು ಹೋಗೋಣ" ಅನ್ನುವ ಮುಂಚೆ ಇದನ್ನೊಮ್ಮೆ ಯೋಚಿಸಲಿ.

ಕೆಲಸದ ಹಕ್ಕಿದೆ ಅಂದಮಾತ್ರಕ್ಕೆ ಮೊದಲ ತಿಂಗಳೇ ಕೆಲಸ ಸಿಗುವುದಿಲ್ಲ. ಸಾಫ್ಟ್‌ವೇರ್‌ನವರಿಗೆ ಇಂಗ್ಲಿಷಿನಲ್ಲೇ ಸಿಗಬಹುದು, ಟೀಚರ್, ನರ್ಸ್, ಅಕೌಂಟೆಂಟ್ ಆಗಿದ್ದವರಿಗೆ ಎ1 ಏನೂ ಸಾಲದು. ಮಗು ಚಿಕ್ಕದಾದರೆ ಕೀಟಾ ಅನ್ನುವ ಶಿಶುವಿಹಾರ ಸಿಗಬೇಕು. ಒಂದು ವರ್ಷ ತುಂಬಿದ ಮಗುವಿಗೆ ಸೀಟಿನ ಹಕ್ಕು 2013ರಿಂದ ಕಾನೂನಿನಲ್ಲೇ ಇದೆ, ಆದರೂ ಕಾಯುವ ಪಟ್ಟಿ ಉದ್ದ. ಸೀಟು ಸಿಕ್ಕಿದ ಮೇಲೂ ಮಗುವನ್ನು ಬಿಟ್ಟು ಬಂದುಬಿಡುವಂತಿಲ್ಲ. ಮೊದಲ ಕೆಲವು ದಿನ ನಾನು ಒಂದು ಮೂಲೆಯಲ್ಲಿ ಮಕ್ಕಳ ಕುರ್ಚಿಯ ಮೇಲೆ ಸುಮ್ನೆ ಕೂತಿರುತ್ತಿದ್ದೆ, ಮಗಳು ಆಡುತ್ತಾ ಆಡುತ್ತಾ ತಿರುಗಿ ನೋಡಿ ನಾನಿದ್ದೇನೆ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಹತ್ತು ನಿಮಿಷ ಹೊರಗೆ ಹೋಗಿ ಬನ್ನಿ ಅಂದರು, ಆಮೇಲೆ ಅರ್ಧ ಗಂಟೆ, ಹೀಗೆ ವಾರಗಟ್ಟಲೆ. ಮಗುವಿಗೆ ಇದು ನಿಜವಾಗಲೂ ಒಳ್ಳೆಯ ಪದ್ಧತಿ, ನಮ್ಮಲ್ಲೂ ಇರಬೇಕಿತ್ತು ಅನ್ನಿಸುತ್ತದೆ. ಆದರೆ ಆ ವಾರಗಳಲ್ಲಿ ನೀವು ಹೊಸ ಕೆಲಸಕ್ಕೆ ಸೇರಲು ಆಗುವುದಿಲ್ಲ.

ಮಗುವಿನ ವಯಸ್ಸು

ಐದರಿಂದ ಎಂಟು ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ. ಹೆಚ್ಚಿನ ಕಡೆ ಉಚಿತ ಶಾಲೆ ಸಿಗುತ್ತದೆ, ಭಾಷೆ ಬೇಗ ಹಿಡಿಯುತ್ತಾರೆ. ಮೂರರ ಒಳಗಾದರೆ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಡೇಕೇರ್ ಖರ್ಚೇ ಒಂದು ಸಂಬಳ ನುಂಗುತ್ತದೆ. ಇಂಗ್ಲೆಂಡಿನಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಶಾಲೆ ನಡೆಯುವ ವಾರಗಳಲ್ಲಿ 15 ಗಂಟೆ ನರ್ಸರಿ ಉಚಿತ, ಅಷ್ಟು ಸಮಾಧಾನ. ಅಲ್ಲೇ ಇನ್ನೊಂದು: ತಮ್ಮನ ಮದುವೆ ಅಂತ ಶಾಲೆ ನಡೆಯುವಾಗ ಮಗುವನ್ನು ಎರಡು ವಾರ ಊರಿಗೆ ಕರೆತಂದರೆ ಒಬ್ಬೊಬ್ಬ ಪೋಷಕರಿಗೆ 80 ಪೌಂಡ್ ದಂಡ ಬೀಳಬಹುದು, 21 ದಿನದಲ್ಲಿ ಕಟ್ಟದಿದ್ದರೆ 160.

ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳನ್ನು ಬೇರೆ ಬೇರೆ ಥರದ ಶಾಲೆಗೆ ವಿಂಗಡಿಸುತ್ತಾರೆ, ಬರ್ಲಿನ್‌ನಲ್ಲಿ ಆರನೇ ಕ್ಲಾಸಿಗೆ. ಒಂಬತ್ತು ವರ್ಷದ ಮಗು ಭಾಷೆ ಬಾರದೆ ಅಲ್ಲಿ ಹೋಗಿ ಕೂತರೆ ಆ ವಿಂಗಡಣೆ ಬೇಗ ತಲೆಮೇಲೆ ಬರುತ್ತದೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳನ್ನು ಎರಡು ವರ್ಷದ ಓದಿಗೋಸ್ಕರ ಎಲ್ಲಿಗೂ ಕರೆದೊಯ್ಯಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅಜ್ಜಿ ಮನೆಯಲ್ಲಿದ್ದು ಇಲ್ಲೇ ಬೋರ್ಡ್ ಪರೀಕ್ಷೆ ಬರೆಯಲಿ. ವಾಪಸ್ ಬರುವ ಯೋಚನೆ ಇದ್ದರೆ ಕನ್ನಡ ಬಿಡಬೇಡಿ. ಕರ್ನಾಟಕದ ಶಾಲೆಗಳಲ್ಲಿ, ಸಿಬಿಎಸ್‌ಇ, ಐಸಿಎಸ್‌ಇ ಸೇರಿ, ಕನ್ನಡ ಕಲಿಯಲೇಬೇಕೆಂಬ ಕಾನೂನು 2015ರಲ್ಲೇ ಬಂದಿದೆ. ಅಕ್ಷರ ಮರೆತು ಬಂದ ಮಗು ಐದನೇ ಕ್ಲಾಸಿನಲ್ಲಿ ಕೂತು ಅಳುವುದನ್ನು ನೋಡಲಾಗುವುದಿಲ್ಲ.

ಒಟ್ಟಿಗೆ ಹೋಗೋದಾ, ಆಮೇಲೆ ಕರೆಸಿಕೊಳ್ಳೋದಾ

ನನ್ನನ್ನು ಕೇಳಿದರೆ ಓದುವವರು ಮೊದಲು ಹೋಗಿ ಒಂದು ಸೆಮಿಸ್ಟರ್ ಮುಗಿಸಲಿ. ಮನೆ ಸಿಗುತ್ತದೆ, ಹತ್ತಿರದ ಶಾಲೆ ಯಾವುದು ಅಂತ ಗೊತ್ತಾಗುತ್ತದೆ, ಜೊತೆಯವರು ಅಲ್ಲಿಯವರೆಗೆ ಇಲ್ಲಿಯ ಸಂಬಳ ಉಳಿಸುತ್ತಾರೆ. ಎಜುಕೇಶನ್ ಲೋನ್ ಸಾಮಾನ್ಯವಾಗಿ ಓದುವವರ ಖರ್ಚಿಗಷ್ಟೇ ಸಿಗುವುದರಿಂದ ಸಂಸಾರದ ಖರ್ಚಿಗೆ ಆ ಉಳಿತಾಯ ಬೇಕೇ ಬೇಕು. ಆರು ತಿಂಗಳು ದೂರ ಇರುವುದು ಕಷ್ಟ ನಿಜ, ಅದರಲ್ಲೂ ಮಗುವನ್ನು ಒಬ್ಬರೇ ನೋಡಿಕೊಳ್ಳುವವರಿಗೆ. ಆದರೆ ಮೂರು ಸೂಟ್‌ಕೇಸ್, ಒಂದು ಮಗು ಇಟ್ಟುಕೊಂಡು ಅಕ್ಟೋಬರ್ ಚಳಿಯಲ್ಲಿ ಬಾಡಿಗೆ ಮನೆ ಹುಡುಕುವುದು ಅದಕ್ಕಿಂತ ಕಷ್ಟ. ಕೋರ್ಸ್ ಒಂದೂವರೆ ವರ್ಷಕ್ಕಿಂತ ಚಿಕ್ಕದಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಆಗ ಒಂದೋ ಒಟ್ಟಿಗೆ ಹೋಗಿ, ಇಲ್ಲ ಒಬ್ಬರೇ ಹೋಗಿ ಬನ್ನಿ.

ಆಮೇಲೆ ಕರೆಸಿಕೊಳ್ಳುವುದಾದರೂ ಮೊದಲ ಅರ್ಜಿಯಲ್ಲೇ ಮನೆಯವರ ಹೆಸರು ಬರೆಯಿರಿ. ಆಸ್ಟ್ರೇಲಿಯಾದಲ್ಲಂತೂ ಮೊದಲು ಹೇಳದೆ ಬಿಟ್ಟವರನ್ನು ಆಮೇಲೆ ಆ ವೀಸಾದಲ್ಲಿ ಸೇರಿಸಲು ಆಗುವುದಿಲ್ಲ.

ಕಾಗದ ಪತ್ರ

ಛತ್ರದ ರಸೀದಿ, ಲಗ್ನಪತ್ರಿಕೆ, ಫೋಟೋ ಯಾವುದೂ ನಡೆಯುವುದಿಲ್ಲ, ಸಬ್ ರಿಜಿಸ್ಟ್ರಾರ್ ಕೊಟ್ಟ ಮದುವೆ ಸರ್ಟಿಫಿಕೇಟ್ ಬೇಕು. ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆಯಾ ಅಂತ ಇವತ್ತೇ ತೆಗೆದು ನೋಡಿ, ಆಸ್ಪತ್ರೆಯಲ್ಲಿ ಹೆಸರಿಡುವ ಮುಂಚೆ ಮಾಡಿಸಿದವುಗಳಲ್ಲಿ ಹಾಗೇ ಉಳಿದಿರುತ್ತದೆ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡು, ಸರ್‌ನೇಮ್ ಇಲ್ಲದೆ ಪಾಸ್‌ಪೋರ್ಟ್ ಮಾಡಿಸಿದವರು ಜಾಸ್ತಿ. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಅಂತ ಅಚ್ಚಾಗುತ್ತದೆ, ಆಮೇಲೆ ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ಅದೇ ಹೆಸರು ಹಿಂದೆ ಬರುತ್ತದೆ. ಪಾಸ್‌ಪೋರ್ಟ್ ಸರಿಮಾಡಿಸಿಕೊಂಡೇ ಅರ್ಜಿ ಹಾಕಿ. ಅಪ್ಪ ಮೊದಲು ಹೋಗಿ, ಅಮ್ಮ ಮಗುವಿನ ಜೊತೆ ಆಮೇಲೆ ಹೋಗುವುದಾದರೆ ಅಪ್ಪನ ಒಪ್ಪಿಗೆ ಪತ್ರ ಕೇಳಬಹುದು, ಅದನ್ನು ನೋಟರಿ ಹತ್ತಿರ ಇಬ್ಬರೂ ಊರಲ್ಲಿರುವಾಗಲೇ ಮಾಡಿಸಿ ಇಟ್ಟುಕೊಳ್ಳಿ.